ಗೋಡೆಯ ಬದಿಯಿಂದ ಹೋದವರು

ಮೊನ್ನೆ ಪಾಯಸಕ್ಕೆಂದು ಶಾವಿಗೆ ಪೊಟ್ಟಣ ಒಡೆದೆ. ಬಿಸಿಲಲ್ಲಿ ಒಣಗಿದ ಗೋಧಿಹಿಟ್ಟಿನ ವಾಸನೆ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ... ಒಲೆ ಸಣ್ಣ ಮಾಡಿ ಹಾಗೇ ನಿಂತುಬಿಟ್ಟೆ. ಚಿತ್ತವಾಡ್ಗಿಯಲ್ಲಿ ನಮ್ಮ ಪಕ್ಕದ ಮನೆಯ ಅಂಗಳ, ಕೋಲಿನ ಮೇಲೆ ಇಳಿಬಿಟ್ಟ ಶಾವಿಗೆಯ ಎಳೆಗಳು, ಅವುಗಳ ಹಿಂದೆ ಕೂತ ದೊಡ್ಡವ್ವ.

ಅವರು ನನಗೆ ರಕ್ತಸಂಬಂಧಿಯೇನಲ್ಲ. ನಾನು ಮದುವೆಯಾಗಿ ಆ ಓಣಿಗೆ ಬಂದ ಹೊಸದರಲ್ಲಿ, “ದೊಡ್ಡವ್ವ ಅನ್ನು. ಆಂಟಿ ಗೀಂಟಿ ಬ್ಯಾಡ” ಎಂದಿದ್ದರು. ಗಂಡ ತೀರಿಕೊಂಡ ಮೇಲೆ ಶಾವಿಗೆ ಹೊಸೆದು ಮಾರಿ ಒಬ್ಬರೇ ಬದುಕುತ್ತಿದ್ದರು.

ಮೊದಲು ನನ್ನ ಗಮನಕ್ಕೆ ಬಂದದ್ದು ಅವರ ಸೆರಗು. ಮಾತಾಡುತ್ತಾ ಕೂತವರು ಇದ್ದಕ್ಕಿದ್ದಂತೆ, ಕೈಗೆ ಹಿಟ್ಟು ಹತ್ತಿದೆಯೆಂದು ಮಣಿಕಟ್ಟಿನಿಂದಲೇ, ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಯಾರೋ ಹಿರಿಯರು ಬಂದರೆಂದು ನಾನೂ ಗಡಬಡಿಸಿ ಏಳುತ್ತಿದ್ದೆ. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ.

“ನೀ ಯಾಕ ಎದ್ದಿ? ಕುಂದ್ರು. ನಮ್ಮ ಮನಿಯಾರು ಒಳಗ ಹೋದ್ರು, ಅಷ್ಟ.”

ಎಡಗಣ್ಣಿನ ಅಂಚಿನಲ್ಲಿ, ಗೋಡೆಯ ಬದಿಯಿಂದ, ಒಂದು ನೆರಳು ಸರಿದು ಹೋಗುತ್ತಿತ್ತಂತೆ. ತಿರುಗಿ ನೋಡಿದರೆ ಮಾಯ. ಅವರ ಗಂಡ, ಅಂದರೆ ದೊಡ್ಡಪ್ಪ, ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುತ್ತಿದ್ದವರು. ಮನೆಗೆ ಬರುವಾಗ ಮೈತುಂಬಾ ಕೆಂಪು ಮಣ್ಣು. ಒಣಹಾಕಿದ ಶಾವಿಗೆಯ ಮೇಲೆ ಧೂಳು ಉದುರಬಾರದೆಂದು ಗೋಡೆಗೆ ಅಂಟಿಕೊಂಡೇ ಬಚ್ಚಲಿಗೆ ನಡೆಯುತ್ತಿದ್ದರಂತೆ.

“ಸತ್ತ ಮ್ಯಾಲೂ ಅದ ದಾರಿ ಹಿಡದಾರ ನೋಡು. ಚಾಳಿ ಬಿಡಲಿಲ್ಲ,” ಎಂದು ದೊಡ್ಡವ್ವ ನಗುತ್ತಿದ್ದರು.

ನನಗೆ ಭಯವಾಗಲಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್, ಪ್ರತಿಯೊಬ್ಬರ ಪಕ್ಕದಲ್ಲೂ ಒಬ್ಬ ದೇವದೂತ ಇರುತ್ತಾನೆ, ಬೆಂಚಿನ ಮೇಲೆ ಸ್ವಲ್ಪ ಜಾಗ ಬಿಡಿ ಎನ್ನುತ್ತಿದ್ದರು. ಹಾಗೆ ಸರಿದು ಕೂತು ಬೆಳೆದವಳು ನಾನು.

ಒಂದು ಮಧ್ಯಾಹ್ನ ದೊಡ್ಡವ್ವ ನನ್ನನ್ನು ಕೂಗಿ ಕರೆದರು. ಮುಖದಲ್ಲಿ ಹೊಸ ಮದುವಣಗಿತ್ತಿಯ ಕಳೆ. “ಮುಂಜಾನಿ ಕಣ್ಣಾಗ ಮಿಂಚು ಹೊಡದಂಗಾತವ್ವ. ಈಗ ನೋಡು, ಬಂದವರು ಹೋಗವಲ್ರು. ಮೂಲಿಯೊಳಗ ನಿಂತುಬಿಟ್ಟಾರ.”

ಆಗ ಮಾತ್ರ ನನಗೆ ಕಣ್ಣಿನ ಮೇಲೇ ಅನುಮಾನ ಬಂತು. ಬಲಗಣ್ಣು ಮುಚ್ಚಿಸಿ ನನ್ನ ಕಡೆ ನೋಡಲು ಹೇಳಿದೆ. “ನಿನ್ನ ಒಂದು ಕಿವಿ ಕಾಣವಲ್ದು,” ಎಂದರು, ಇನ್ನೂ ನಗುತ್ತಾ.

ಅವತ್ತೇ ಹೊಸಪೇಟೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿನ ಹಿಂದಿನ ಪರದೆ ಹರಿದಿದೆ, ಬಳ್ಳಾರಿಯಲ್ಲಿ ತಕ್ಷಣ ಆಪರೇಷನ್ ಆಗಬೇಕು, ತಡಮಾಡಿದರೆ ಆ ಕಣ್ಣು ಹೋಗುತ್ತದೆ ಎಂದರು.

“ಆಪರೇಷನ್ ಮಾಡಿದ್ರ ಈ ನೆರಳು?”

“ಪೂರ್ತಿ ಹೋಗ್ತದಮ್ಮ, ಚಿಂತಿ ಮಾಡಬ್ಯಾಡ್ರಿ.”

ಸಮಾಧಾನ ಹೇಳಿದೆನೆಂದೇ ಡಾಕ್ಟರು ತಿಳಿದರು. ದೊಡ್ಡವ್ವ ಎದ್ದು ಹೊರಗೆ ನಡೆದರು. ಆಟೋದಲ್ಲಿ ಕೂತು, “ನಂಗ ಬ್ಯಾಡವ್ವ. ಇನ್ನೊಂದು ಕಣ್ಣೈತಲ್ಲ, ಕೆಲಸಕ್ಕ ಅದು ಸಾಕು. ಇದು ಅವರಿಗೇ ಇರ್ಲಿ,” ಎಂದರು.

ಅದು ದೊಡ್ಡಪ್ಪ ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಬದಲಿಗೆ ಕೇಳಿದೆ: “ಶ್ಯಾವಿಗಿ ಮ್ಯಾಲ ಧೂಳ ಬೀಳಬಾರ್ದಂತ ಗ್ವಾಡಿ ಹಿಡದು ಹೋದವ್ರು, ನಿಮ್ಮ ಕಣ್ಣಿಗೆ ಅಡ್ಡ ನಿಂದ್ರತಾರೇನ್ರಿ, ದೊಡ್ಡವ್ವ?”

ಆಟೋ ಓಣಿಗೆ ತಿರುಗಿತು. ಇಳಿಯುವಾಗ ನನ್ನ ಕೈ ಹಿಡಿದು, “ನಾಳಿ ಬಳ್ಳಾರಿಗೆ ಹೋಗೂಣು. ನೀ ಬರಬೇಕು ಮತ್ತ,” ಎಂದರು.

ಆಪರೇಷನ್ ಆದ ಮೇಲೆ, ಹರಿದ ಪರದೆ ಕೂಡಿಕೊಳ್ಳಲೆಂದು, ಕೆಲವು ದಿನ ಕವುಚಿಯೇ ಮಲಗಬೇಕಿತ್ತು. ಮುಖ ನೋಡಿ ಮಾತಾಡಲೆಂದು ನಾನು ಅವರ ಮಂಚದ ಪಕ್ಕ ನೆಲದ ಮೇಲೆ ಅಂಗಾತ ಮಲಗುತ್ತಿದ್ದೆ. “ಇಂಗ್ಲೀಷ್ ಸಾಲಿ ಕಲ್ತಾಕಿ ನೆಲದಾಗ ಹೊಳ್ಳಾಡ್ತಿ ನೋಡು,” ಎಂದು ಅಲ್ಲಿಂದಲೇ ಚೇಷ್ಟೆ.

ದೃಷ್ಟಿ ನಿಧಾನವಾಗಿ ತಿಳಿಯಾಯಿತು. ಒಂದು ಬೆಳಿಗ್ಗೆ ಹೋದಾಗ ಅಂಗಳದಲ್ಲಿ ಸುಮ್ಮನೆ ಕೂತಿದ್ದರು.

“ಗ್ವಾಡಿ ಸ್ವಚ್ಛ ಕಾಣತೈತವ್ವ. ಬಿರುಕು ಸೈತ ಕಾಣತಾವು. ಅವರು... ಇಲ್ಲ.”

ದೊಡ್ಡಪ್ಪ ತೀರಿದ ದಿನವೂ ಅವರು ಅತ್ತಿರಲಿಲ್ಲವಂತೆ. ಓಣಿಯವರು ಅದನ್ನೊಂದು ಮಾತು ಮಾಡಿಕೊಂಡಿದ್ದರು. ಅವತ್ತು ಅತ್ತರು. ಹೊಟ್ಟೆಯೊಳಗಿಂದ ಬರುವ ಅಳು. ನಾನು ಪಕ್ಕದಲ್ಲಿ ಕೂತೆ. ಬಿಸಿಲೇರಿದ ಮೇಲೆ ಅವರೇ ಎದ್ದು ಮುಖ ತೊಳೆದು, “ಹಿಟ್ಟು ನಾದು ಬಾ,” ಎಂದರು.

ಆಮೇಲೆ ಬಹಳ ವರ್ಷ ಆ ಕಣ್ಣಿಂದಲೇ ಸೂಜಿಗೆ ದಾರ ಪೋಣಿಸಿಕೊಂಡು ಬದುಕಿದರು. ದೊಡ್ಡಪ್ಪನನ್ನು ನೆನೆಯುವಾಗ ‘ಒಳಗ ಹೋದ್ರು’ ಬಿಟ್ಟು ಬರೀ ‘ಹೋದ್ರು’ ಎನ್ನುವುದನ್ನೂ ಕಲಿತರು.

ಈಗ ಅವರೂ ಇಲ್ಲ. ಆ ಮನೆಯಲ್ಲಿ ಬೇರೆಯವರಿದ್ದಾರೆ, ಗೋಡೆಗೆ ಹಸಿರು ಬಣ್ಣ ಹೊಡೆಸಿದ್ದಾರೆ. ಆ ಓಣಿಯಲ್ಲಿ ಹೋಗುವಾಗ ಕಡೆಗಣ್ಣಿನಲ್ಲಿ ಏನಾದರೂ ಸರಿದೀತೇ ಎಂದು ಸ್ವಲ್ಪ ನಿಧಾನವಾಗಿ ನಡೆಯುತ್ತೇನೆ. ಏನೂ ಕಾಣುವುದಿಲ್ಲ. ನನ್ನ ಕಣ್ಣುಗಳು ಚೆನ್ನಾಗಿವೆ.