ತಾನಾಗಿ ಬಂದ ಬಾತು

ಹಕ್ಕಿಗಳಿಗೆ ಮನುಷ್ಯರ ಮಾತು ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಜತ್ತ ತಾಲ್ಲೂಕಿನ ತಿಕೋಂಡಿಯ ಕೆರೆಯಲ್ಲಿ ಬೇರೆಯೇ ತರಹದ ಚುಕ್ಕೆಕೊಕ್ಕಿನ ಬಾತುಗಳು ಕಂಡವು. ಈ ಜಾತಿಗೆ ಕೊಕ್ಕಿನ ಬುಡದಲ್ಲಿ ಎರಡು ಕೆಂಪು ಚುಕ್ಕೆ ಇರಬೇಕು, ಇವಕ್ಕೆ ಇರಲಿಲ್ಲ. ಮೈಯೂ ಸಣ್ಣದು. ನಾನು ಮತ್ತು ನನ್ನ ಸಂಶೋಧನಾ ವಿದ್ಯಾರ್ಥಿನಿ ರಝಿಯಾ ಅವುಗಳ ಬೆನ್ನು ಹತ್ತಿದೆವು. ಇದು ಹೊಸ ಉಪಜಾತಿ ಎಂದು ಖಾತ್ರಿಯಾಯಿತು. ಆದರೆ ಹೆಸರಿಡಬೇಕಾದರೆ ಮಾದರಿಗೆಂದು ಒಂದು ಹಕ್ಕಿಯ ದೇಹವನ್ನು ಸಂಗ್ರಹಾಲಯಕ್ಕೆ ಕೊಡಬೇಕು. ಒಂದನ್ನು ಹೊಡೆಯಲು ಸರಕಾರದ ಪರವಾನಗಿ ತಂದಿದ್ದೆ.

ಹೊಡೆಯಬೇಕೆಂದಿದ್ದ ದಿನದ ಹಿಂದಿನ ಸಂಜೆ ರಝಿಯಾ ತಡೆದಳು. ಕೆರೆಯ ಕೆಳಗೆ ಹೊಲ ಮಾಡುವ ಗಂಗವ್ವನವರ ಮನೆಯಲ್ಲಿ ಇಳಿದಿದ್ದೆವು. ಪಡಸಾಲೆಯಲ್ಲಿ ಕುಳಿತು ಮಾತಾಡುತ್ತಿದ್ದೆವು. "ಕೊಂದು ಹೆಸರ ಇಡೂದಾದ್ರ ಪ್ರಬಂಧದಾಗ ನನ್ನ ಹೆಸರ ಬ್ಯಾಡ್ರಿ ಸರ" ಎಂದಳು. ಅವಳ ಪಿಎಚ್‌ಡಿ ಇದರ ಮೇಲೆಯೇ ನಿಂತಿತ್ತು. ಒಂದೇ ಒಂದು ಹಕ್ಕಿಯಲ್ಲವೇ ಎಂದು ನಾನು ವಾದಿಸಿದೆ. ಇಬ್ಬರೂ ಮುನಿಸಿಕೊಂಡೇ ಮಲಗಲು ಹೋದೆವು.

ಬೆಳಿಗ್ಗೆ ಗಂಗವ್ವನವರು ಕರೆದರು: "ಸರ, ಲಗೂನ ಬರ್ರಿ. ನಿಮ್ಮ ಬಾತಕೋಳಿ ಬಂದು ಕುಂತೈತಿ."

ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಹಕ್ಕಿ ಪಡಸಾಲೆಯಲ್ಲಿ, ಹಕ್ಕಿ ತೂಗಲು ತಂದಿದ್ದ ನಮ್ಮ ತಕ್ಕಡಿಯ ಪಕ್ಕ ಕುಳಿತಿತ್ತು. ಕೊಕ್ಕಿನಲ್ಲಿ ಕೆಂಪು ಚುಕ್ಕೆಯಿಲ್ಲ. ಎತ್ತಿಕೊಂಡರೂ ಕೊಸರಲಿಲ್ಲ. ಹೀಗೆ ಬಂದದ್ದನ್ನು ಕೊಲ್ಲಲು ಮನಸ್ಸಾಗಲಿಲ್ಲ. ನಾನೇ ಕೆರೆಗೆ ಒಯ್ದು ನೀರಿಗೆ ಬಿಟ್ಟೆ. ಅದು ದಡ ಹತ್ತಿ, ಜೋಳದ ಹೊಲದ ಬದುವಿನಗುಂಟ ನನ್ನ ಹಿಂದೆಯೇ ನಡೆದು ಬಂತು. ಮತ್ತೆ ಅದೇ ಜಾಗದಲ್ಲಿ ಕುಳಿತುಕೊಂಡಿತು. ರಝಿಯಾ ನೀರಿಟ್ಟಳು, ಕುಡಿಯಲಿಲ್ಲ. ನಾವು ಊಟಕ್ಕೆ ಏಳುವ ಹೊತ್ತಿಗೆ ಕತ್ತು ಚಾಚಿ ಸತ್ತಿತ್ತು.

ಪಶುವೈದ್ಯರು ಕೊಯ್ದು ನೋಡಿದರು. ರೋಗವಿಲ್ಲ, ಗಾಯವಿಲ್ಲ, ಹೊಟ್ಟೆ ತುಂಬ ಕಾಳು. ಯಾಕೆ ಸತ್ತಿತೆಂದು ಅವರಿಗೂ ಹೇಳಲಾಗಲಿಲ್ಲ.

ಆ ಹಕ್ಕಿಯೇ ಇವತ್ತು ಉಪಜಾತಿಯ ಮಾದರಿ. ಪ್ರಬಂಧದಲ್ಲಿ ಅದು ಸತ್ತ ಸ್ಥಿತಿಯಲ್ಲಿ ಸಿಕ್ಕಿತೆಂದು ಬರೆದೆ. ಓದಿದ ರಝಿಯಾ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: "ಸಿಕ್ಕಿಲ್ಲಲ್ರಿ ಸರ, ಬಂದೈತಿ. ಹಂಗ ಬರಿಯಾಕ ಬರೂದಿಲ್ಲೇನ್ರಿ?"

ಬರುವುದಿಲ್ಲ ಎಂದೆ. ನಾವು ಕೊಂದದ್ದಲ್ಲವಾದ್ದರಿಂದ ಅವಳು ತನ್ನ ಹೆಸರು ಸೇರಿಸಲು ಒಪ್ಪಿದಳು. ಕಾಕತಾಳೀಯ ಎಂದು ನೀವು ಅನ್ನಬಹುದು. ನಾನೂ ಹಾಗೆಯೇ ಅಂದುಕೊಳ್ಳುತ್ತೇನೆ. ಆದರೆ ನೀರಿಗೆ ಬಿಟ್ಟ ಹಕ್ಕಿ ಯಾಕೆ ನನ್ನ ಹಿಂದೆ ನಡೆದು ಬಂತು?