ಹಾಲೇಶಪ್ಪ ಭಾವನ ನ್ಯಾಯವಾದ ರೇಟು

ನಮ್ಮ ಹಾಲೇಶಪ್ಪ ಭಾವ ಹಳೇ ಕಾರು ನೋಡಲು ಹೊರಟರೆಂದರೆ ಸಾವಿನ ಮನೆಗೆ ಹೊರಟವರ ಮುಖ ಮಾಡಿಕೊಳ್ಳುತ್ತಿದ್ದರು. ಶಿಕಾರಿಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಮನುಷ್ಯ, ದಿನವಿಡೀ ಗಿರಾಕಿಗಳ ಜೊತೆ ಹರಟುತ್ತ ನಗುತ್ತಲೇ ಇದ್ದವರು. ಆದರೆ ಮಾರುವವರ ಮನೆಯ ಗೇಟು ಕಂಡಕೂಡಲೇ ಅವರ ಕೆಳತುಟಿ ಜೋತುಬೀಳುತ್ತಿತ್ತು. ಕಾರಿನ ಸುತ್ತ ಒಂದು ಪ್ರದಕ್ಷಿಣೆ, ತೆಂಗಿನಕಾಯಿ ನೋಡುವಂತೆ ಬಾನೆಟ್ಟಿನ ಮೇಲೆ ಬೆರಳಿನಿಂದ ಎರಡು ಪೆಟ್ಟು, ಆಮೇಲೆ ಉದ್ದನೆಯ ನಿಟ್ಟುಸಿರು. ಅಷ್ಟು ಹೊತ್ತಿಗೆ ಮಾರುವವನಿಗೆ ತನ್ನ ಕಾರಿನ ಮೇಲೆ ತನಗೇ ಅನುಮಾನ ಹುಟ್ಟಿರುತ್ತಿತ್ತು.

ಭಾವ ಹೋದ ವರ್ಷ ತೀರಿಕೊಂಡರು. ಅವರ ಬಿಳಿ ಕಾರನ್ನು ಮಾರಿ, ಆ ದುಡ್ಡಿನಲ್ಲಿ ಗಿರಣಿಗೆ ಹೊಸ ಮೋಟರು ಹಾಕಿಸಿ ತಾನೇ ನಡೆಸುತ್ತೇನೆಂದು ಅಕ್ಕ ಹಟ ಹಿಡಿದಳು. ಸರಿಯಾದ ಬೆಲೆ ಬಂದರೆ ಗಿರಣಿ, ಬಾರದಿದ್ದರೆ ಬೀಗ. ಆದರೆ ಭಾವ ಪಾಠ ಹೇಳಿಕೊಟ್ಟು ಹೋದ ಊರಿನಲ್ಲಿ ಹಳೇ ಕಾರು ಮಾರುವುದೆಂದರೆ ಹುಡುಗಾಟವೇ?

ಅವರಿಗೆ ಕಾರು ಓಡಿಸಲು ಬರುತ್ತಿತ್ತು ಎಂದರೆ ರಸ್ತೆಯಲ್ಲಿ ಓಡಾಡುವವರು ಒಪ್ಪುವುದಿಲ್ಲ. ಎಂಜಿನ್ ವಿಷಯದಲ್ಲಿ ಅವರಿಗೆ ತಿಳಿದದ್ದು ನನಗೆ ತಿಳಿದಷ್ಟೇ, ಅಂದರೆ ಬಾನೆಟ್ ಎತ್ತಿ ಗಂಭೀರವಾಗಿ ನೋಡಿ ಮುಚ್ಚುವಷ್ಟು. ಆದರೂ ನಮ್ಮ ಪೈಕಿ ಯಾರೇ ಕಾರು ಕೊಳ್ಳಲಿ, ಭಾವ ಜೊತೆಗಿರಲೇಬೇಕು. ನ್ಯಾಯವಾದ ಬೆಲೆ ಗೊತ್ತಾಗುವುದು ಹೇಗೆಂದು ಒಮ್ಮೆ ಕೇಳಿದ್ದೆ.

“ಮಾರೋನ ಮುಖ ನೋಡ್ಬೇಕಲೇ ತಮ್ಮಾ. ಎಲ್ಲಿ ಮುಖ ಬಾಡ್ತದೋ, ಅಲ್ಲೈತಿ ನ್ಯಾಯವಾದ ರೇಟು” ಎಂದಿದ್ದರು.

ಸೊರಬದಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಕ್ಯಾಮೆರಾ, ಲೈಟು ಹೊತ್ತು ಮದುವೆಮನೆಗಳಿಗೆ ಹೋಗಲು ಕಾರು ಬೇಕಾಯಿತು. ಚಂದ್ರಗುತ್ತಿಯಲ್ಲಿ ಒಬ್ಬ ರೈತರು ಮಾರುವವರಿದ್ದರು. ಭಾವ ಪ್ರದಕ್ಷಿಣೆ ಮುಗಿಸಿ, ರೋಗಿಯ ಕಡೆಯವರನ್ನು ವಿಚಾರಿಸುವ ದನಿಯಲ್ಲಿ ಕೇಳಿದರು: “ಭಾಳ ದಿನದಿಂದ ಹಿಂಗೇ ಐತೇನ್ರೀ?”

“ಹಿಂಗೇ ಅಂದ್ರೆ? ಏನಾಗಿದೆ ಮಾರಾಯ್ರೆ? ಬೆಳಿಗ್ಗೆ ಸಾಗರಕ್ಕೆ ಹೋಗಿ ಬಂದ್ವಲ್ಲ!”

“ಬಂದ್ರಲ್ಲ, ದೇವರು ದೊಡ್ಡೋನು.”

ಪಾಪ, ಆ ಮನುಷ್ಯ ಬೆವರಿಬಿಟ್ಟರು. ಒಳಗಿಂದ ಬಂದ ಅವರ ಹೆಂಡತಿ, ಬಂದಷ್ಟಕ್ಕೆ ಕೊಟ್ಟು ಕೈತೊಳೆದುಕೊಳ್ಳಿ ಎಂದು ಶುರುಮಾಡಿದರು. ರೈತರ ಮುಖ ಬಾಡಿತು, ವ್ಯಾಪಾರ ಕುದುರಿತು. ಊರು ದಾಟಿ ಮೊದಲ ತಿರುವು ತಿರುಗಿದ್ದೇ ತಡ, ಭಾವನ ತುಟಿ ತನ್ನ ಜಾಗಕ್ಕೆ ವಾಪಸು ಬಂತು. ಸೀಟು ತಟ್ಟಿ ಹೇಳಿದರು: “ಗಾಡಿ ಬಂಗಾರ ಐತಲೇ ತಮ್ಮಾ, ಬಂಗಾರ!” ಹಾಗಂತ ಅಲ್ಲೇ ಹೇಳಿದ್ದರೆ ನಾಲಗೆ ಬಿದ್ದುಹೋಗುತ್ತಿತ್ತೇ?

ಈ ಚಾಳಿ ಕಾರಿಗೆ ಮಾತ್ರ ಇದ್ದದ್ದಲ್ಲ. ಮನೆಯಲ್ಲಿ ಅಕ್ಕ ಬಡಿಸಿದರೆ ತಟ್ಟೆಗೂ ಅದೇ ಮುಖ. “ಸಾರು ಯಾಕೋ ಸಪ್ಪಗೈತಿ” ಎನ್ನುತ್ತಲೇ ಮೂರು ಸಲ ಹಾಕಿಸಿಕೊಳ್ಳುವರು. ಅಕ್ಕ ಒಂದು ಒಳ್ಳೆ ಮಾತಿಗೆ ಕಾದು ಕಾದು ಕೊನೆಗೆ ಕಾಯುವುದನ್ನೇ ಬಿಟ್ಟಿದ್ದಳು.

ಭಾವನ ವಿದ್ಯೆ ನಡೆಯದಿದ್ದದ್ದು ಒಂದೇ ಕಡೆ, ಶಿಕಾರಿಪುರದ ಬಳೆ ಅಂಗಡಿಯ ದಸ್ತಗೀರ್ ಸಾಬರ ಹತ್ತಿರ. ಅವರ ಬಿಳಿ ಕಾರನ್ನು ಭಾವ ತಮಗೇ ಬೇಕೆಂದು ನೋಡಲು ಹೋಗಿದ್ದರು.

“ಗೇರು ಬಿಗಿ ಐತಲ್ರೀ.”

“ಐತ್ರೀ.”

“ಬಾಗಿಲ ಹತ್ರ ಬಣ್ಣ ಹೋಗೇತಿ.”

“ಹೌದ್ರೀ, ಹೋಗೇತಿ. ಎಲ್ಲಾ ಲೆಕ್ಕ ಹಿಡಿದೇ ರೇಟು ಹೇಳೀನಿ. ಇವೆಲ್ಲಾ ಚಲೋ ಇದ್ದಿದ್ರೆ ಇನ್ನೂ ಜಾಸ್ತಿ ಹೇಳ್ತಿದ್ದೆ” ಎಂದು ಸಾಬರು ನಗುತ್ತಲೇ ಚಹಾ ತರಿಸಿದರು. ಬೈದದ್ದನ್ನೆಲ್ಲ ಒಪ್ಪಿಕೊಳ್ಳುವವನ ಮುಖ ಬಾಡಿಸುವುದು ಹೇಗೆ? ಭಾವ ಕಕ್ಕಾಬಿಕ್ಕಿಯಾಗಿ, ಹೇಳಿದಷ್ಟೂ ಕೊಟ್ಟು ಕಾರು ತಂದರು. ಊರಿಗೆಲ್ಲ ಮಾತ್ರ ಅರ್ಧಕ್ಕೆ ಇಳಿಸಿ ತಂದೆನೆಂದು ಸಾರಿದರು. ಅಕ್ಕ ಬಳೆ ತೊಡಿಸಿಕೊಳ್ಳಲು ಹೋದಾಗ ನಿಜ ಗೊತ್ತಾಯಿತು. ಅವಳು ಗಂಡನ ಮರ್ಯಾದೆ ಕಾಪಾಡಿ ಸುಮ್ಮನಿದ್ದಳು.

ಈಗ ಅದೇ ಕಾರು ಕೊಳ್ಳಲು ಉಡುತಡಿಯ ಬಸವರಾಜ ಗೆಳೆಯನೊಬ್ಬನನ್ನು ಕರೆದುಕೊಂಡು ಬಂದ. ಹಿಂದೆ ಭಾವನ ಜೊತೆ ಹೋಗಿ ಕಾರು ಕೊಂಡವನು, ಪಕ್ಕಾ ಶಿಷ್ಯ. ಅಂಗಳದಲ್ಲಿ ಪ್ರದಕ್ಷಿಣೆ ಹಾಕಿದ, ಬಾನೆಟ್ಟಿಗೆ ಎರಡು ಪೆಟ್ಟು ಕೊಟ್ಟ, ತುಟಿ ಜೋಲುಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು.

“ಗೇರು ಬಿಗಿ ಐತಲ್ಲಕ್ಕಾ.”

“ಐತಪ್ಪಾ” ಎಂದಳು ಅಕ್ಕ.

“ಬಣ್ಣಾನೂ ಹೋಗೇತಿ.”

“ಹೋಗೇತಿ. ಎಲ್ಲಾ ಲೆಕ್ಕ ಹಿಡಿದೇ ಹೇಳೀನಿ.”

ಬಸವರಾಜ ನಿಟ್ಟುಸಿರು ಬಿಟ್ಟು, ಅಕ್ಕನ ಮುಖವನ್ನೇ ನೋಡುತ್ತ ನಿಂತ. ಯಾವಾಗ ಬಾಡೀತೆಂದು ಕಾಯುತ್ತಿದ್ದಾನೆಂದು ನನಗೂ ಗೊತ್ತು, ಅಕ್ಕನಿಗೂ ಗೊತ್ತು.

“ಆ ಮುಖ ಮಾಡ್ಬ್ಯಾಡೋ ಬಸವರಾಜಾ” ಎಂದಳು. “ಅದರ ಜೊತಿಗೇ ನಾನು ಜಲ್ಮ ಪೂರ್ತಿ ಸಂಸಾರ ಮಾಡೀನಿ.”

ಗೆಳೆಯ ಕಿಸಕ್ಕನೆ ನಕ್ಕುಬಿಟ್ಟ. ಬಸವರಾಜನ ಮುಖವೇ ಬಾಡಿತು. ಅಕ್ಕ ಹೇಳಿದ ಬೆಲೆಗೇ ವ್ಯಾಪಾರ ಮುಗಿಯಿತು. ಸೊರಬದ ಬಸ್ಸು ಹಿಡಿಯಬೇಕಿದ್ದ ನನ್ನನ್ನು ಸ್ಟ್ಯಾಂಡಿನವರೆಗೆ ಬಿಡುತ್ತೇನೆಂದು ಬಸವರಾಜ ಕಾರಿಗೆ ಹತ್ತಿಸಿಕೊಂಡ. ಮನೆಯ ಮುಂದಿನ ತಿರುವು ದಾಟಿದ್ದೇ, ಸ್ಟಿಯರಿಂಗ್ ತಟ್ಟಿ ಗೆಳೆಯನಿಗೆ ಹೇಳಿದ: “ಗಾಡಿ ಬಂಗಾರ ಐತಲೇ!”

ಭಾವ ಕೊನೆಯ ಸಲ ನನ್ನನ್ನು ಬಸ್ಸಿಗೆ ಬಿಡಲು ಬಂದದ್ದು ಇದೇ ಕಾರಿನಲ್ಲಿ. ಅವತ್ತೂ ಊಟಕ್ಕೆ ಕೂತು ಸಾರು ಸಪ್ಪಗೈತಿ ಎಂದು ರಾಗ ಎಳೆದು ಬಂದಿದ್ದರು. ಇದೇ ತಿರುವು ದಾಟಿದ ಮೇಲೆ, ಕೇಳದೆಯೇ ಹೇಳಿದ್ದರು: “ನಿಮ್ಮಕ್ಕ ಬಂಗಾರ ಕಣಲೇ ತಮ್ಮಾ.”

ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ ಅಕ್ಕನಿಗೆ ಫೋನ್ ಮಾಡಿ ಆ ಮಾತನ್ನು ಹೇಳಿಬಿಟ್ಟೆ. ಆ ಕಡೆಯಿಂದ ಅವಳ ದನಿ ಬಂತು, ಅರ್ಧ ಸಿಟ್ಟು, ಅರ್ಧ ಅಳು.

“ಆ ಪುಣ್ಯಾತ್ಮಗೆ ಅದನ್ನ ಮನ್ಯಾಗೇ ಹೇಳಾಕೆ ಏನಾಗಿತ್ತೋ ಧಾಡಿ?”