ಹೈದರಾಬಾದಿನಲ್ಲಿ ವೈನಿಗೊಂದು ಖೋಲಿ

ಚಿಮ್ಮನಚೋಡದಿಂದ ಬೆಳಗಿನ ಬಸ್ಸಿಗೆ ಹೊರಟಾಗ ನಮ್ಮ ಹತ್ತಿರ ಒಂದು ಟ್ರಂಕು, ಒಂದು ಕೈಚೀಲ ಮತ್ತು ಒಂದು ಕರಾರು ಇದ್ದವು. ಕರಾರು ವೈನಿಯದು. ಹೈದರಾಬಾದಿನಲ್ಲಿ ಯಾರ ಮನೆಗೂ ಹೋಗಕೂಡದು, ಲಾಡ್ಜಿನಲ್ಲೇ ಇಳಿಯಬೇಕು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನಾನು, ಅವರ ನಾದಿನಿ, ಸೇಡಂನ ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ, ರಜೆಗೆ ಮಾತ್ರ ಊರಿಗೆ ಹೋಗುತ್ತೇನೆ. ಚಂದ್ರಂಪಳ್ಳಿಯಲ್ಲಿ ಕೆರೆ ಕಟ್ಟುವ ಕೆಲಸ ಶುರುವಾದ ಮೇಲೆ ನಮ್ಮ ಮನೆಯಲ್ಲಿ ಬಂದವರು ಇಲ್ಲದ ದಿನವನ್ನು ನಾನು ನೋಡಿಲ್ಲ. ಗುತ್ತಿಗೆದಾರ, ಅವನ ಗುಮಾಸ್ತ, ಗುಮಾಸ್ತನ ಷಡ್ಡಕ, ಕೆರೆ ನೋಡಲು ಬಂದ ಬೀಗರು. ಎಲ್ಲರೂ ನಮ್ಮ ಪಡಸಾಲೆಯಲ್ಲೇ ಇಳಿಯುತ್ತಾರೆ. ಎಲ್ಲರ ರೊಟ್ಟಿಯೂ ವೈನಿಯ ಕೈಯಲ್ಲೇ ಆಗುತ್ತದೆ. ಈ ದೀಪಾವಳಿ ರಜೆಯಲ್ಲಿ ನಾಲ್ಕು ದಿನ ಹೈದರಾಬಾದಿಗೆ ಹೋಗೋಣವೇ ಎಂದು ನಾನು ಕೇಳಿದಾಗ ಆಕೆ ಹಿಟ್ಟಿನ ಕೈ ಎತ್ತದೆ ಹೇಳಿದರು: "ನಾ ಎಲ್ಲರಿಗೂ ಬಡಿಸೀನಿ. ಒಮ್ಮೆ ನಾನೂ ಎಲ್ಲಾದರೂ ಇಳದು ನೋಡಬೇಕು."

ಅಣ್ಣ ನಕ್ಕ. "ಲಾಡ್ಜ್ ಯಾಕ? ಕಾಚಿಗೂಡದಾಗ ಕಾಕಾನ ಮನಿ ಇಲ್ಲೇನು?"

"ಕಾಕುಗ ಮೊಳಕಾಲು ಬ್ಯಾನಿ," ಎಂದರು ವೈನಿ. "ನಾ ಹೊಸ್ತಿಲಾ ದಾಟೋದೇ ತಡ, ಒಲಿ ನನ್ನ ಪಾಲು."

ಅಣ್ಣ ಆದರೂ ಕಾಕಾನ ವಿಳಾಸವನ್ನು ಚೀಟಿಯಲ್ಲಿ ಬರೆದು ನನ್ನ ಕೈಗಿತ್ತ.

ಚಿಂಚೋಳಿಯಲ್ಲಿ ಬಸ್ಸು ಬದಲಿಸಿದೆವು. ಮುಂಜಾವಿನ ಚಳಿ ಇನ್ನೂ ಇಳಿದಿರಲಿಲ್ಲ. ಕಿಟಕಿಯ ಗಾಜು ಒಡೆದ ಸೀಟೇ ನಮಗೆ ಸಿಕ್ಕಿತು. ಹೈದರಾಬಾದಿಗೆ ಎಂದೊಡನೆ ಪಕ್ಕದವರು ಕೇಳಿದರು, "ಹೈದ್ರಾಬಾದಿನಾಗ ಯಾರ ಮನಿಗಿ?" ಹಿಂದಿನವರು ಕೇಳಿದರು, "ಯಾರ ಮನಿಗಿ ಹೊಂಟೀರಿ?" ಕಂಡಕ್ಟರ್ ಕೂಡ ಚೀಟಿ ಹರಿಯುತ್ತ ಅದನ್ನೇ ಕೇಳಿದ. ಯಾಕೆ ಎಂದು ಯಾರೂ ಕೇಳಲಿಲ್ಲ. ಸೇಡಂ ತಲುಪುವ ಹೊತ್ತಿಗೆ ನನ್ನ ಸಹನೆಯ ಅರ್ಧ ಖರ್ಚಾಗಿತ್ತು.

ಸೇಡಂ ಸ್ಟೇಷನ್ನಿನಲ್ಲಿ ವಾಡಿ ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿ ತಡವಾಗಿತ್ತು. ಎಷ್ಟು ತಡ ಎಂದು ಕೇಳಿದರೆ ಪೋರ್ಟರು, "ಚಿತ್ತಾಪುರ ಬಿಟ್ಟದ್ರಿ" ಎಂದ. ಇನ್ನಷ್ಟು ಹೊತ್ತಿನ ಮೇಲೆ ಕೇಳಿದಾಗಲೂ ಅದು ಚಿತ್ತಾಪುರವನ್ನು ಬಿಡುತ್ತಲೇ ಇತ್ತು. ಕಡೆಗೆ ಬಂದ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಹಾಬಾದಿನ ಒಬ್ಬ ಹೆಣ್ಣುಮಗಳು ತನ್ನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, "ಬರ್ರಿ, ಕುಂದ್ರಿ" ಎಂದು ವೈನಿಗೆ ಜಾಗ ಮಾಡಿಕೊಟ್ಟಳು. ಅವಳ ಗಂಡ ನೆಲಕ್ಕೆ ಹಾಸುವ ಫರಶಿ ಕಲ್ಲಿನ ಗಣಿಯಲ್ಲಿ ಕೂಲಿಯವರ ಮೇಲೆ ಮುಕಾದಮನಂತೆ. ಅವಳೂ ಅದೇ ಪ್ರಶ್ನೆ ಕೇಳಿದಳು.

"ಯಾರ ಮನಿಗೂ ಇಲ್ರಿ, ಲಾಡ್ಜಿನಾಗ ಇಳೀತೀವಿ," ಎಂದರು ವೈನಿ, ಸ್ವಲ್ಪ ಹೆಮ್ಮೆಯಿಂದಲೇ.

"ಲಾಡ್ಜಿನಾಗ? ಯಾಕವ್ವಾ, ಮನ್ಯಾಗ ಜಗಳ ಮಾಡ್ಕೊಂಡು ಹೊಂಟೀರೇನು?"

ಡಬ್ಬಿಯೆಲ್ಲ ನಕ್ಕಿತು. ತಾಂಡೂರು ಬರುವಷ್ಟರಲ್ಲಿ ಮೂವರು ಹೆಂಗಸರು ತಮ್ಮ ಮಗಳ ಮನೆ, ತಮ್ಮನ ಮನೆ, ದಾಯಾದಿಯ ಮನೆಯ ಗುರುತು ಹೇಳಿ ಮುಗಿಸಿದ್ದರು. ನಾನು ನಿಂತಲ್ಲಿಂದಲೇ ಕಿಟಕಿಯ ಹೊರಗೆ ನೋಡುತ್ತಿದ್ದೆ.

ನಾಂಪಲ್ಲಿಯಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು ಚುರುಕಾಗಿತ್ತು. ಲಾಡ್ಜಿನ ವಿಷಯದಲ್ಲಿ ನನ್ನ ಬೇಡಿಕೆಗಳು ದೊಡ್ಡವಲ್ಲ: ದಿನಕ್ಕೆ ಹತ್ತು ರೂಪಾಯಿಯ ಒಳಗೆ, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ನೀರು ಬರುವ ನಲ್ಲಿ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರ. ಸ್ಟೇಷನ್ನಿನ ಎದುರಿನ ರಸ್ತೆಯಲ್ಲಿ ಲಾಡ್ಜುಗಳ ಫಲಕಗಳು ಅಂಗಡಿಗಳಿಗಿಂತ ಹೆಚ್ಚಿದ್ದವು. ಇಷ್ಟೊಂದರಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ ಎಂದುಕೊಂಡೆ.

ಮೊದಲನೆಯದರಲ್ಲಿ ಗುಮಾಸ್ತ ನಮ್ಮ ಹಿಂದೆ, ನಮ್ಮ ಪಕ್ಕ, ಬಾಗಿಲಿನಾಚೆ ನೋಡಿ, "ಆದ್ಮೀ ಕಿಧರ್?" ಎಂದ. ಗಂಡಸರು ಯಾರೂ ಇಲ್ಲ, ನಾವಿಬ್ಬರೇ ಎಂದೆ. ಅವನು ತೆರೆದಿದ್ದ ರಿಜಿಸ್ಟರನ್ನು ಮುಚ್ಚಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ. ಎರಡನೆಯದರಲ್ಲಿ ಗಂಡಸಿನ ಮಾತೇ ಬರಲಿಲ್ಲ. ಕೋಣೆಯೂ ಶುಭ್ರವಾಗಿತ್ತು. ಆದರೆ ಬಾಗಿಲಿಗೆ ಚಿಲಕವಿದ್ದದ್ದು ಹೊರಗಿನಿಂದ ಮಾತ್ರ. ಒಳಗೆ ಯಾಕಿಲ್ಲ ಎಂದು ಕೇಳಿದರೆ ಮ್ಯಾನೇಜರ್ ಬೇಸರಪಟ್ಟುಕೊಂಡ. ಅವನ ಲಾಡ್ಜಿನಲ್ಲಿ ಕಳ್ಳರಿಲ್ಲವಂತೆ. ಮೂರನೆಯದರಲ್ಲಿ ಕೋಣೆಗಳ ನಡುವಿನ ಹಲಗೆಯ ಗೋಡೆ ಸೂರನ್ನು ಮುಟ್ಟಿರಲಿಲ್ಲ. ನಾನು ಬಾಡಿಗೆ ಕೇಳಿದರೆ ಆಚೆಯ ಕೋಣೆಯಿಂದ ಯಾರೋ ಉತ್ತರ ಹೇಳಿದರು, ಎಂಟಾಣೆ ಕಡಿಮೆ ಮಾಡಿಸಿ ಎಂದು ಸಲಹೆಯನ್ನೂ ಕೊಟ್ಟರು.

ಟ್ರಂಕಿನ ಹಿಡಿಕೆ ನನ್ನ ಬೆರಳುಗಳನ್ನು ಕೊಯ್ಯುತ್ತಿತ್ತು. ವೈನಿ ಕಾಕಾನ ವಿಳಾಸದ ಚೀಟಿಯನ್ನು ನನ್ನ ಚೀಲದಿಂದ ತೆಗೆದು ಚೂರು ಮಾಡಿ ಗಟಾರಕ್ಕೆ ಹಾಕಿದರು. ಈಗ ಹಿಂದಕ್ಕೆ ಹೋಗುವ ದಾರಿಯೂ ಇರಲಿಲ್ಲ.

ನಾಲ್ಕನೆಯ ಲಾಡ್ಜು ಒಂದು ಓಣಿಯ ಒಳಗಿತ್ತು. ಎರಡಂತಸ್ತಿನ ಹಳೆಯ ಕಟ್ಟಡ, ಮೆಟ್ಟಿಲುಗಳನ್ನು ಆಗತಾನೇ ತೊಳೆದಿದ್ದರು. ಕೌಂಟರಿನಲ್ಲಿ ಕುಳಿತಿದ್ದ ನಡುವಯಸ್ಸಿನವರು ಎಂಟು ರೂಪಾಯಿ ಎಂದರು. ಗಂಡಸರ ಬಗ್ಗೆ ಕೇಳಲಿಲ್ಲ. ಕೋಣೆ ತೋರಿಸಿದರು: ಎರಡು ಮಂಚ, ಒಂದು ಕನ್ನಡಿ, ನೀರಿನ ಹೂಜಿ, ನಲ್ಲಿ, ಒಳಗಡೆ ಹಿತ್ತಾಳೆಯ ಚಿಲಕ. ನಾನು ಚಿಲಕವನ್ನು ಎರಡು ಸಲ ಹಾಕಿ ತೆಗೆದೆ. ವೈನಿ ಮಂಚದ ಅಂಚಿನಲ್ಲಿ ಕುಳಿತು, "ಇದೇ ಇರಲಿ, ಸುನಂದಾ, ಭಾಳ ಛಲೋ ಅದ" ಎಂದರು.

ಆ ಮಾತು ಕೇಳಿ ಕೌಂಟರಿನವರ ಮುಖ ಅರಳಿತು. "ನಮ್ಮ ಕಡಿ ಮಾತು! ಯಾವೂರ್ರಿ ನಿಮ್ಮದು?"

ಇಡೀ ಪ್ರವಾಸದಲ್ಲಿ ನಾನು ಮಾಡಿದ ತಪ್ಪು ಒಂದೇ. ನಿಜ ಹೇಳಿದೆ.

"ಚಿಮ್ಮನಚೋಡ? ಯಾರ ಪೈಕಿ?" ಎಂದವರು, ನನ್ನ ಅಜ್ಜನ ಹೆಸರು ಕೇಳಿದೊಡನೆ ಎರಡೂ ಕೈಗಳಿಂದ ತಲೆ ಹಿಡಿದುಕೊಂಡರು. ಅವರ ಹೆಸರು ಗಫೂರ್ ಸಾಹೇಬ್, ಹುಟ್ಟಿದ್ದು ನಮ್ಮೂರಿನಲ್ಲಿ. ಅವರ ಅಪ್ಪ ನಮ್ಮ ಅಜ್ಜನ ಹೊಲದ ಪಕ್ಕದ ಹೊಲ ಮಾಡುತ್ತಿದ್ದು, ಆಮೇಲೆ ಇಲ್ಲಿಗೆ ಬಂದು ಈ ಲಾಡ್ಜು ಕಟ್ಟಿಸಿದರಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಟ್ರಂಕು ಅವರ ಹೆಗಲ ಮೇಲಿತ್ತು.

"ಊರಿನ ಹೆಣ್ಮಕ್ಕಳು ಬಂದು ಬಾಡಿಗಿ ಖೋಲ್ಯಾಗ ಇಳಿಯೋದಾ? ನಮ್ಮವ್ವ ನನ್ನ ಮುಖಕ್ಕ ಉಗುಳ್ತಾಳ. ನಡೀರಿ ಮ್ಯಾಲ!"

ಮೇಲಂತಸ್ತಿನಲ್ಲಿ ಅವರ ಸಂಸಾರ: ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮೂವರು ಗಂಡುಮಕ್ಕಳು, ಮತ್ತು ತಾಯಿ ಹುಸೇನ್‌ಬೀ. ಆ ಮುದುಕಿ ವೈನಿಯ ಕೈ ಹಿಡಿದವರು ಬಿಡಲೇ ಇಲ್ಲ. ಊರ ಬಾವಿ, ಹುಣಸೆಮರ, ಸತ್ತವರು, ಇದ್ದವರು, ಒಬ್ಬೊಬ್ಬರನ್ನೇ ವಿಚಾರಿಸಿದರು. ನಾವು ಮಾಂಸ ತಿನ್ನುವವರಲ್ಲ ಎಂದು ಅವರಿಗೆ ನೆನಪಿತ್ತು. "ಲಿಂಗಾಯತರ ಖಾನಾವಳಿಂದ ಊಟ ತರಿಸ್ತೀನಿ, ಹೊಸಾ ಭಾಂಡಿ ತರಿಸ್ತೀನಿ, ಚಿಂತಿ ಮಾಡಬ್ಯಾಡ್ರಿ" ಎಂದರು. ಅಷ್ಟೊಂದು ಪ್ರೀತಿಯ ಎದುರು ನನಗೆ ಎಂಟು ರೂಪಾಯಿಯ ಮಾತು ಎತ್ತಲಾಗಲಿಲ್ಲ.

ವೈನಿ ಸಂಕೋಚಪಟ್ಟರು. "ಅಷ್ಟ್ಯಾಕ ತ್ರಾಸ ಅಮ್ಮಾ? ಹೊಸಾ ಹಂಚೊಂದು ಕೊಡ್ರಿ, ನಮಗ ನಾಕು ರೊಟ್ಟಿ ನಾನೇ ಬಡೀತೀನಿ."

ಆ ನಾಲ್ಕು ರೊಟ್ಟಿಯ ಸಪ್ಪಳ ಮೇಲಂತಸ್ತಿನಲ್ಲೆಲ್ಲ ಕೇಳಿಸಿತು. ಹುಸೇನ್‌ಬೀ ಒಂದು ತಿಂದು ಕಣ್ಣು ಮುಚ್ಚಿದರು. ಗಫೂರ್ ಸಾಹೇಬರು ಕೌಂಟರ್ ಬಿಟ್ಟು ಮೇಲೆ ಬಂದರು. ಮಕ್ಕಳು ಬಂದರು. ಪಕ್ಕದ ಮನೆಯಲ್ಲಿ ಹುಮನಾಬಾದ್ ಕಡೆಯವರು ಇದ್ದರಂತೆ, ಅವರಿಗೂ ಹೇಳಿಕಳಿಸಿದರು. ಸಂಜೆಯ ಹೊತ್ತಿಗೆ ವೈನಿ ಸೆರಗು ಸಿಕ್ಕಿಸಿಕೊಂಡು, ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಳ್ಳುತ್ತ, ಬುಟ್ಟಿ ತುಂಬ ರೊಟ್ಟಿ ಬಡಿದಿದ್ದರು. ಚಿಮ್ಮನಚೋಡದಲ್ಲಿ ನಾನು ನೋಡುವ ವೈನಿಯೇ. ನಡುವೆ ಒಂದು ಪ್ಯಾಸೆಂಜರ್ ಗಾಡಿಯ ಖರ್ಚು ಮಾತ್ರ ಹೆಚ್ಚಾಗಿತ್ತು.

ಮಲಗಿದಾಗ ನಮ್ಮಿಬ್ಬರ ನಡುವೆ ಗಫೂರ್ ಸಾಹೇಬರ ಇಬ್ಬರು ಹೆಣ್ಣುಮಕ್ಕಳಿದ್ದರು. ನಾಳೆ ಬೇರೆ ಲಾಡ್ಜಿಗೆ ಹೋಗಿಬಿಡೋಣ ಎಂದು ನಾನು ಅವರ ತಲೆಗಳ ಮೇಲಿಂದ ಪಿಸುಗುಟ್ಟಿದೆ.

"ಹಂಗ ಮಾಡಿದ್ರ ಆ ಮುದುಕಿ ಎದಿ ಒಡೀತದ," ಎಂದು ವೈನಿ ಮಗ್ಗುಲು ತಿರುಗಿದರು.

ಮರುದಿನ ಊರು ನೋಡಲು ಹೊರಟೆವು. ಹೊರಟದ್ದು ನಾವಿಬ್ಬರು ಎಂದುಕೊಂಡಿದ್ದೆ. ಬಾಗಿಲಲ್ಲಿ ಎಣಿಸಿದರೆ ಒಂಬತ್ತು ಜನ. ಚಾರ್‌ಮಿನಾರಿನ ಮೆಟ್ಟಿಲುಗಳನ್ನು ನಾನು ಹತ್ತಿದ್ದು ಯಾರದೋ ಚಿಕ್ಕ ಮಗುವನ್ನು ಎತ್ತಿಕೊಂಡು. ಬಳೆ ಬಜಾರಿನಲ್ಲಿ ವೈನಿ ಒಂದು ಜೊತೆ ಬಳೆ ನೋಡಲು ನಿಂತರೆ ಗಫೂರ್ ಸಾಹೇಬರ ಹೆಂಡತಿ ಅವರಿಗಾಗಿ ಚೌಕಾಸಿ ಮಾಡಿ, ತಾವೇ ದುಡ್ಡು ಕೊಟ್ಟು, ತಮಗಿಷ್ಟವಾದ ಬಣ್ಣವನ್ನು ವೈನಿಯ ಕೈಗೇರಿಸಿದರು. ಹಸಿರು. ವೈನಿ ನೋಡುತ್ತಿದ್ದದ್ದು ನೀಲಿಯನ್ನು. ಮಧ್ಯಾಹ್ನದ ಹೊತ್ತಿಗೇ ಮರಳಿದೆವು, ಏಕೆಂದರೆ ಹುಮನಾಬಾದಿನವರು ರೊಟ್ಟಿಗೆ ಬರುವವರಿದ್ದರು.

ಸಂಜೆ, ಕೊನೆಯ ರೊಟ್ಟಿ ಹಂಚಿನ ಮೇಲಿದ್ದಾಗ, ಗಫೂರ್ ಸಾಹೇಬರು ಖುಷಿಯಿಂದ ಒಳಗೆ ಬಂದರು. "ತಂಗೀ, ನಾಳಿ ನಮ್ಮ ಷಡ್ಡಕ ಬರ್ತಾನ. ಅವನಿಗಿ ನಿನ್ನ ಕೈ ರೊಟ್ಟಿ ತಿನ್ನಿಸ್ಲೇಬೇಕು."

ವೈನಿ ರೊಟ್ಟಿಯನ್ನು ಬುಟ್ಟಿಗೆ ಹಾಕಿದರು. ಒಲೆ ಆರಿಸಿದರು. ಕೈ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಂಡು, ಎದ್ದು ನಿಂತರು.

"ಅಣ್ಣಾ, ಕೆಳಗ ಒಂದು ಖೋಲಿ ಖಾಲಿ ಅದೇನ್ರಿ?"

"ಅದ. ಯಾರಿಗಿ ಬೇಕಾಗ್ಯದ?"

"ನನಗ."

ಅವರ ನಗು ನಿಂತಿತು. "ಯಾಕವ್ವಾ? ಇಲ್ಲಿ ಏನು ಕಮ್ಮಿ ಆಯ್ತು? ಯಾರರ ಏನರ ಅಂದ್ರೇನು?"

"ಕಮ್ಮಿ ಏನೂ ಆಗಿಲ್ರಿ. ತವರಮನ್ಯಾಗ ನೋಡಿದಂಗ ನೋಡೀರಿ." ವೈನಿಯ ಧ್ವನಿ ಸಣ್ಣದಾಗಿತ್ತು, ಆದರೆ ನಿಲ್ಲಲಿಲ್ಲ. "ಮನಿ ನಮ್ಮೂರಾಗೂ ಅದ, ಅಣ್ಣಾ. ಅಲ್ಲಿ ದಿನಾ ಬಂದವ್ರಿಗಿ ಬಡಿಸ್ತೀನಿ. ಒಂದೆರಡು ದಿನ ನಾನೇ ಬಂದಾಕಿ ಆಗಬೇಕಂತ ಗಾಡಿ ಹತ್ತಿ ಬಂದೆ. ಬಾಡಿಗಿ ಕೊಟ್ಟು ಇಳೀತೀನಿ. ಸಿಟ್ಟಿಗೇಳಬ್ಯಾಡ್ರಿ."

ಈಗ ನಮ್ಮ ಟ್ರಂಕು ಬೀದಿಗೆ ಬೀಳುತ್ತದೆ ಎಂದು ನಾನು ನಿಶ್ಚಯ ಮಾಡಿಕೊಂಡೆ. ಗಫೂರ್ ಸಾಹೇಬರ ಹೆಂಡತಿಯ ಮುಖ ಕೆಂಪಾಗಿತ್ತು. ಆಗ ಮೂಲೆಯ ಮಂಚದ ಮೇಲಿನಿಂದ ಹುಸೇನ್‌ಬೀ ನಗತೊಡಗಿದರು. ಹಲ್ಲಿಲ್ಲದ ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಕೊಡೋ ಕೀಲಿಕೈ! ನಿಂತು ಏನು ನೋಡ್ಲಿಕತ್ತೀ? ಈ ಲಾಡ್ಜ್ ನಿಮ್ಮಪ್ಪ ಕಟ್ಟಿದಾಗಿಂದ ನಾ ಇದರ ತಲಿ ಮ್ಯಾಲ ಕುಂತೀನಿ. ಒಂದಿನ, ಒಂದೇ ಒಂದಿನ, 'ಅವ್ವಾ, ಒಂದು ಖೋಲಿ ತಗೋ, ಮಲಕೋ' ಅಂದೀಯೇನು? ಆಕಿ ಕೇಳ್ಯಾಳ. ನನಗ ಕೇಳೋದು ತಿಳಿಲಿಲ್ಲ."

ಗಫೂರ್ ಸಾಹೇಬರು ತಾಯಿಯನ್ನೂ ವೈನಿಯನ್ನೂ ನೋಡಿ ಕೆಳಗಿಳಿದರು. ಸ್ವಲ್ಪ ಹೊತ್ತಿನಲ್ಲಿ ಕೌಂಟರಿಗೆ ಬರಬೇಕೆಂದು ಕರೆ ಬಂತು. ಅಲ್ಲಿ ಅವರು ನಮ್ಮನ್ನು ಮೊದಲ ಸಲ ನೋಡುವವರಂತೆ ಗಂಭೀರವಾಗಿ ರಿಜಿಸ್ಟರ್ ತೆರೆದರು. ವೈನಿ ತಮ್ಮ ಹೆಸರನ್ನು ತಾವೇ ಬರೆದರು. ರಾಜ್ಯದ ಹೆಸರು ಬದಲಾದದ್ದನ್ನು ಅವರು ಮರೆತಿದ್ದರು. ಮೈಸೂರು ಎಂದು ಬರೆದು, ಹೊಡೆದು, ಕರ್ನಾಟಕ ಎಂದು ಬರೆದರು.

ಕೋಣೆಯ ಕಿಟಕಿಗೆ ಕಾಣುತ್ತಿದ್ದದ್ದು ಎದುರಿನ ಗೋಡೆ ಮಾತ್ರ. ನಲ್ಲಿ ತೊಟ್ಟಿಕ್ಕುತ್ತಿತ್ತು. ಹಾಸಿಗೆಯ ನಡುವೆ ತಗ್ಗಿತ್ತು. ನಾನು ಒಂದೊಂದಾಗಿ ದೂರುತ್ತಿದ್ದಾಗ ವೈನಿ ಚಿಲಕ ಹಾಕಿ ಮಲಗಿಬಿಟ್ಟಿದ್ದರು. ಬೆಳಿಗ್ಗೆ ಬಿಸಿಲು ಗೋಡೆಯ ಮೇಲೆ ಅರ್ಧ ಇಳಿದರೂ ಏಳಲಿಲ್ಲ. ಬಾಗಿಲು ತಟ್ಟಿದ ಸದ್ದಿಗೆ ನಾನು ತೆರೆದೆ. ಲಾಡ್ಜಿನ ಆಳು ಚಹಾ ತಂದಿದ್ದ. "ಎಲ್ಲಿಡಲಿ?" ಎಂಬ ಪ್ರಶ್ನೆಗೆ ವೈನಿ ಚಾದರದ ಒಳಗಿಂದಲೇ, "ಅಲ್ಲೇ ಇಡ್ರಿ, ಏಳತೀನಿ" ಎಂದರು. ಎದ್ದದ್ದು ಅದು ಆರಿದ ಮೇಲೆ. ಆರಿದ ಚಹಾವನ್ನು ಬದಿಗಿಟ್ಟು ಇನ್ನೊಂದು ತರಿಸಿದರು. ಆ ದಿನ ಊರು ನೋಡಲು ಬರುವುದಿಲ್ಲವೆಂದರು. ನಾನೊಬ್ಬಳೇ ಬಜಾರಿಗೆ ಹೋಗಿ ನೀಲಿ ಬಳೆ ತಂದೆ.

ನಾಲ್ಕನೆಯ ದಿನ ಬೆಳಿಗ್ಗೆ ಹೊರಟಾಗ ಗಫೂರ್ ಸಾಹೇಬರು ಬಾಡಿಗೆ ಮುಟ್ಟಲು ಒಪ್ಪಲಿಲ್ಲ. ನನಗೆ ಮತ್ತೆ ರೇಗಿತು. ವೈನಿ ಹದಿನಾರು ರೂಪಾಯಿಯನ್ನು ರಿಜಿಸ್ಟರಿನ ಮೇಲಿಟ್ಟು, "ತಗೊಳ್ರಿ ಅಣ್ಣಾ. ತಗೊಳ್ಳದಿದ್ರ ನಾ ಮತ್ತ ಹ್ಯಾಂಗ ಬರ್ಲಿ?" ಎಂದರು. ಅವರು ತಗೊಂಡರು, ರಸೀದಿಯನ್ನೂ ಬರೆದುಕೊಟ್ಟರು. ಮೇಲಿನ ಬಾಲ್ಕನಿಯಿಂದ ಹುಸೇನ್‌ಬೀ ಕೈ ಬೀಸಿದರು.

ಸ್ಟೇಷನ್ನಿನ ರಸ್ತೆಗೆ ಬಂದ ಮೇಲೆ ನಾನು ತಿರುಗಿ ನೋಡಿದೆ. ವೈನಿ ನೋಡಲಿಲ್ಲ. ಆಕೆ ಎರಡೂ ಬದಿಯ ಫಲಕಗಳನ್ನು ನಿಧಾನವಾಗಿ ಓದುತ್ತ ನಡೆಯುತ್ತಿದ್ದರು. ಒಂದು ಹಳದಿ ಕಟ್ಟಡದ ಮುಂದೆ ನಿಂತರು. ಎಲ್ಲ ಕೋಣೆಗಳಿಗೂ ರಸ್ತೆಯ ಕಡೆಗೆ ಕಿಟಕಿಗಳಿದ್ದವು.

"ಮುಂದಿನ ಸಲ ಇದು ನೋಡೂಣು," ಎಂದರು. "ಮತ್ತ ಯಾರರ ಊರು ಕೇಳಿದ್ರ, ಬಳ್ಳಾರಿ ಅಂತ ಹೇಳು."